ಮುಖ ಉರಿದರೆ ತಪ್ಪು ಸೋಪಿನದೇನಾ? ಸೂಕ್ಷ್ಮ ಚರ್ಮದವರಿಗೆ ಶೇವಿಂಗ್ ದೋಷ ಪತ್ತೆ

ನನ್ನ ಬಚ್ಚಲುಮನೆಯ ಕಪಾಟಿನಲ್ಲಿ ಒಂದು ಕಾಲಕ್ಕೆ ಐದು ಶೇವಿಂಗ್ ಸೋಪುಗಳಿದ್ದವು. ಐದೂ ಅರ್ಧಂಬರ್ಧ ಬಳಸಿದವು. ಒಂದರ ಮೇಲೆ ‘ಸೂಕ್ಷ್ಮ ಚರ್ಮಕ್ಕೆ’ ಎಂದು ಬರೆದಿತ್ತು. ಒಂದರ ಮೇಲೆ ಬೇವಿನೆಲೆಯ ಚಿತ್ರ. ಇನ್ನೊಂದು ಪರದೇಶದಿಂದ ಬಂದ ನೆಂಟರು ತಂದುಕೊಟ್ಟ ದುಬಾರಿ ಮಾಲು. ಯಾವುದನ್ನು ಹಚ್ಚಿದರೂ ಕಥೆ ಒಂದೇ. ಶೇವ್ ಮುಗಿದು ಐದು ನಿಮಿಷಕ್ಕೆ ಕುತ್ತಿಗೆಗೆ ಹಸಿಮೆಣಸಿನಕಾಯಿ ತಿಕ್ಕಿದ ಹಾಗೆ ಉರಿ.

ಊರಿಗೆ ಹೋದಾಗ ಮಾತ್ರ ಈ ಉರಿ ಇರುತ್ತಿರಲಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬಾವಿ ನೀರು, ಹಂಡೆಯಲ್ಲಿ ಕಾಯಿಸಿದ್ದು. ಸೋಪು ಬೆಂಗಳೂರಿನಿಂದ ಬ್ಯಾಗಿನಲ್ಲಿ ಹಾಕಿಕೊಂಡು ಹೋದದ್ದೇ, ರೇಜರ್ ಕೂಡ ಅದೇ. ಅಮ್ಮ ‘ಊರಿನ ಗಾಳಿ ಕಣೋ’ ಅಂದರು. ನಾನೂ ಇರಬಹುದು ಅಂದುಕೊಂಡು ಬೆಂಗಳೂರಿಗೆ ವಾಪಸ್ ಬಂದೆ. ಬಂದು ಆರನೆಯ ಸೋಪು ಹುಡುಕತೊಡಗಿದೆ.

ಶೇವ್ ಮಾಡುವಾಗ ಮುಖಕ್ಕೆ ಏನೇನು ತಾಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ನೀರು, ಸೋಪು, ಬ್ರಷ್, ಬ್ಲೇಡು, ಕೈಯ ಭಾರ, ಕೊನೆಗೆ ಲೋಷನ್. ಇಷ್ಟರಲ್ಲಿ ಬದಲಿಸಲು ಸುಲಭ ಸೋಪು. ಅಂಗಡಿಗೆ ಹೋದರೆ ಮುಗಿಯಿತು. ಅದಕ್ಕೇ ನಾವು ಮೊದಲು ಅದರ ಮೇಲೆ ಅನುಮಾನ ಪಡುತ್ತೇವೆ. ಈ ಬರಹದಲ್ಲಿ ಸೋಪು ಆರಿಸುವ ಮಾತು ಕೊನೆಗೆ ಬರುತ್ತದೆ. ಮಿಕ್ಕವನ್ನು ಒಂದೊಂದಾಗಿ ಪಕ್ಕಕ್ಕಿಡದೆ ಸೋಪು ಆರಿಸಲು ಹೋದರೆ ನನ್ನ ಕಪಾಟಿನ ಗತಿಯೇ ನಿಮ್ಮದಕ್ಕೂ.

ಯಾವಾಗ ಉರಿ, ಎಲ್ಲಿ ಉರಿ

ಮೊದಲು ಒಂದು ವಾರ ಏನನ್ನೂ ಬದಲಿಸಬೇಡಿ. ಸುಮ್ನೆ ಬರೆದಿಡಿ. ಕ್ಯಾಲೆಂಡರ್ ಮೇಲೆ ಗೀಚಿದರೂ ಸಾಕು. ಉರಿ ಎಷ್ಟು ಹೊತ್ತಿಗೆ ಶುರುವಾಯಿತು? ಎಲ್ಲಿ? ಅದು ಉರಿಯೋ, ತುರಿಕೆಯೋ, ಬಿಗಿತವೋ? ಅವತ್ತು ನಲ್ಲಿಯಲ್ಲಿ ಬಂದದ್ದು ಯಾವ ನೀರು?

ಶೇವ್ ಮಾಡುತ್ತಿರುವಾಗಲೇ, ಇಲ್ಲವೇ ಮುಗಿದು ಸ್ವಲ್ಪ ಹೊತ್ತಿಗೇ ಉರಿ ಬಂದು, ಸಂಜೆಯೊಳಗೆ ಇಳಿದರೆ ಅದು ಹೆಚ್ಚಾಗಿ ಕೆರೆತದ ಉರಿ. ಬ್ಲೇಡು ಚರ್ಮದ ಮೇಲ್ಪದರವನ್ನು ಹೆರೆದಿದೆ, ಅಥವಾ ಸೋಪಿನ ಕ್ಷಾರ ಚರ್ಮವನ್ನು ಒಣಗಿಸಿದೆ. ಇದು ಯಾರಿಗೆ ಬೇಕಾದರೂ ಆಗಬಹುದು. ಅಲರ್ಜಿಯ ನಡೆ ಬೇರೆ. ಅವತ್ತು ಏನೂ ಇರುವುದಿಲ್ಲ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಬಿಟ್ಟು ಕಡಿತ ಶುರುವಾಗುತ್ತದೆ. ಕೆಂಪಾಗಿ, ಸಣ್ಣ ಗುಳ್ಳೆ ಎದ್ದು, ಆಮೇಲೆ ಸಿಪ್ಪೆ ಏಳುತ್ತದೆ. ದಿನಾ ಶೇವ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸೋಮವಾರದ ಸೋಪಿನ ಫಲ ಬುಧವಾರ ಕಾಣಿಸುತ್ತದೆ, ಅಷ್ಟರಲ್ಲಿ ನಾವು ಮಂಗಳವಾರ ತಂದ ಹೊಸ ಸೋಪನ್ನು ಬೈಯುತ್ತಿರುತ್ತೇವೆ.

ಜಾಗವೂ ಮಾತಾಡುತ್ತದೆ. ನೊರೆ ಹಚ್ಚುವಾಗ ನಾವು ಗಡ್ಡದ ಗೆರೆ ದಾಟಿ ಹಚ್ಚುತ್ತೇವೆ. ಕೆನ್ನೆಯ ಮೇಲ್ಭಾಗ, ಕಿವಿಯ ಕೆಳಗೆ, ಕತ್ತಿನ ಬುಡ. ಅಲ್ಲೆಲ್ಲ ಬ್ಲೇಡು ಓಡುವುದಿಲ್ಲ. ಕೆಂಪು ಅಲ್ಲಿಗೂ ಹರಡಿದೆಯೇ? ಹಾಗಾದರೆ ಅನುಮಾನ ಸೋಪಿನ ಮೇಲೆ ಹೋಗಬೇಕು. ಬ್ಲೇಡು ಹೋದ ದಾರಿಯಲ್ಲಷ್ಟೇ, ಅದರಲ್ಲೂ ಕತ್ತಿನ ಗಂಟಲಮಣಿ ಸುತ್ತ ಮಾತ್ರ ಕೆಂಪಾಗಿದ್ದರೆ ಬ್ಲೇಡನ್ನು ನೋಡಿ. ಬ್ರಷ್ ಇಲ್ಲದೆ ಕೈಯಲ್ಲೇ ನೊರೆ ಮಾಡುವವರು ಬೆರಳ ಸಂದಿಯನ್ನೂ ನೋಡಿಕೊಳ್ಳಿ. ಅಲ್ಲೂ ಕಡಿಯುತ್ತಿದ್ದರೆ ಅದು ಒಳ್ಳೆಯ ಸಾಕ್ಷಿ.

ಮೀಸೆಯ ಸುತ್ತ, ತುಟಿಯ ಮೇಲೆ ಮಾತ್ರ ತೊಂದರೆ ಇದ್ದರೆ ಒಂದು ಪ್ರಶ್ನೆ ಕೇಳಲೇಬೇಕು. ಮೀಸೆಗೆ ಡೈ ಹಚ್ಚುತ್ತೀರಾ? ಕಪ್ಪು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಅಲರ್ಜಿಗೆ ಹೆಸರುವಾಸಿ. ತಿಂಗಳಿಗೊಮ್ಮೆ ಹಚ್ಚುವ ಡೈಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದಿನಾ ಹಚ್ಚುವ ಸೋಪು ಸಿಕ್ಕಿಬೀಳುತ್ತದೆ.

ಇನ್ನು ಕೂದಲ ಬುಡದಲ್ಲಿ ಕೀವು ತುಂಬಿದ ಗುಳ್ಳೆ, ಚರ್ಮದೊಳಕ್ಕೆ ಸುರುಳಿಯಾಗಿ ಹೊಕ್ಕ ಕೂದಲು, ಉಂಗುರದ ಹಾಗೆ ಅಂಚು ಕಟ್ಟಿ ಹರಡುವ ಹುಳುಕಡ್ಡಿ, ಮೀಸೆ ಹುಬ್ಬುಗಳಲ್ಲಿ ಎಣ್ಣೆ ಎಣ್ಣೆಯಾದ ಹೊಟ್ಟು. ಇವು ಯಾವುವೂ ಸೋಪು ಬದಲಿಸಿದರೆ ಹೋಗುವ ಜಾತಿಯವಲ್ಲ.

ಬ್ಲೇಡಿಲ್ಲದ ಒಂದು ವಾರ

ಸೋಪು ತಪ್ಪಿತಸ್ಥನೋ ಅಲ್ಲವೋ ನೋಡಲು ಸುಲಭದ ದಾರಿ ಎಂದರೆ ಬ್ಲೇಡನ್ನು ಆಟದಿಂದ ಹೊರಗಿಡುವುದು. ಮೊದಲು ಚರ್ಮ ಪೂರ್ತಿ ಆರಲಿ. ಅಷ್ಟು ದಿನ ಗಡ್ಡ ಬಿಡಿ. ಆಫೀಸಿನಲ್ಲಿ ಆಗುವುದಿಲ್ಲ ಎನ್ನುವವರು ಟ್ರಿಮ್ಮರ್ ಓಡಿಸಿ, ಅದು ಚರ್ಮಕ್ಕೆ ಅಂಟಿಕೊಂಡು ಹೆರೆಯುವುದಿಲ್ಲ.

ಆರಿದ ಮೇಲೆ ದಿನಕ್ಕೊಮ್ಮೆ ಎಂದಿನ ಹಾಗೆ ನೊರೆ ಕಟ್ಟಿ ಮುಖಕ್ಕೆ ಹಚ್ಚಿ. ಮೂರು ನಿಮಿಷ ಬಿಟ್ಟು ತೊಳೆಯಿರಿ. ಶೇವ್ ಬೇಡ, ಲೋಷನ್ ಬೇಡ. ಒಂದು ವಾರ ಹೀಗೆ ಮಾಡಿ. ಕನ್ನಡಿ ಮುಂದೆ ನೊರೆ ಮೆತ್ತಿಕೊಂಡು ನಿಂತು, ಹಾಗೇ ತೊಳೆದುಕೊಂಡು ಹೊರಗೆ ಬಂದಾಗ ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ವಾರದಲ್ಲಿ ಏನೂ ಆಗದಿದ್ದರೆ ಸೋಪಿಗೆ ಬಹುಮಟ್ಟಿಗೆ ಜಾಮೀನು ಸಿಕ್ಕಿತು ಎಂದುಕೊಳ್ಳಿ. ಪೂರ್ತಿ ಬಿಡುಗಡೆ ಅಲ್ಲ, ಯಾಕೆಂದರೆ ಬ್ಲೇಡು ಹೆರೆದ ಚರ್ಮದೊಳಕ್ಕೆ ಸೋಪಿನ ಅಂಶ ಜಾಸ್ತಿ ಇಳಿಯುತ್ತದೆ. ಎರಡನೆಯ ದಿನವೋ ನಾಲ್ಕನೆಯ ದಿನವೋ ಬ್ಲೇಡಿಲ್ಲದೆಯೇ ಕೆಂಪಾಯಿತೇ? ಕಳ್ಳ ಸಿಕ್ಕಿದ. ಕೆಲವರು ಸೋಪನ್ನು ತೋಳಿಗೆ ಹಚ್ಚಿ ಮೇಲೆ ಬ್ಯಾಂಡೇಜು ಅಂಟಿಸಿ ರಾತ್ರಿಯಿಡೀ ಬಿಡುತ್ತಾರೆ. ಅದು ಬೇಡ. ಸೋಪು ಎಂಬುದು ತೊಳೆದುಬಿಡಲು ಇರುವ ಕ್ಷಾರ. ಮುಚ್ಚಿ ಬಿಟ್ಟರೆ ಎಂಥ ಗಟ್ಟಿ ಚರ್ಮವಾದರೂ ಕೆಂಪಾಗುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಇದರ ಮುಂದಿನ ಹೆಜ್ಜೆ ಅರ್ಧ ಮುಖದ ಪರೀಕ್ಷೆ. ಎಡಗೆನ್ನೆಗೆ ಒಂದು ಸೋಪು, ಬಲಗೆನ್ನೆಗೆ ಇನ್ನೊಂದು. ನೀರು, ಬ್ಲೇಡು, ಕೈ ಎಲ್ಲ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾನು ಮಾಡಿದ ದೊಡ್ಡ ತಪ್ಪು ಇದೇ. ಹೊಸ ಸೋಪು ತಂದ ದಿನವೇ ಹೊಸ ಬ್ಲೇಡೂ ಹಾಕಿ, ‘ಆಹಾ, ಈ ಸೋಪು ಎಷ್ಟು ಮೃದು’ ಅಂದುಕೊಳ್ಳುತ್ತಿದ್ದೆ. ಬ್ಲೇಡು ಹಳೆಯದಾಗುತ್ತಿದ್ದ ಹಾಗೆ ಸೋಪೂ ಕೆಟ್ಟದಾಗುತ್ತಿತ್ತು!

ನೀರು

ನನ್ನ ಉರಿಯ ಮುಕ್ಕಾಲು ಪಾಲು ಇಲ್ಲಿತ್ತು. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆಗ ನಾನಿದ್ದದ್ದು ಬೆಂಗಳೂರಿನ ಹೊರವಲಯದ ಬಾಡಿಗೆ ಮನೆ. ನೆಲದಡಿಯ ಸಂಪ್‌ಗೆ ಕೆಲವು ದಿನ ಕಾವೇರಿ ನೀರು ಬರುತ್ತಿತ್ತು, ಮಿಕ್ಕ ದಿನ ಬೋರು, ಬೇಸಿಗೆಯಲ್ಲಿ ಟ್ಯಾಂಕರ್. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ. ನನ್ನ ಕಥೆ ಅದಕ್ಕಿಂತ ಹಿಂದಿನದು. ಕ್ಯಾಲೆಂಡರಿನಲ್ಲಿ ನೀರಿನ ಹೆಸರು ಬರೆಯತೊಡಗಿದ ಮೇಲೆ ಉರಿಯ ದಿನಗಳು ಬೋರು, ಟ್ಯಾಂಕರ್ ದಿನಗಳ ಜೊತೆ ಸಾಲಾಗಿ ನಿಂತವು. ಅಲ್ಲಿಯ ತನಕ ‘ಒಂದು ದಿನ ಇರುತ್ತೆ, ಒಂದು ದಿನ ಇರಲ್ಲ’ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅದರ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಜಿಡ್ಡು ಅದೇ. ಗಸಿಯಾದ ಸೋಪು ನೊರೆಗೆ ಸಿಗುವುದಿಲ್ಲ. ನೊರೆ ಬಂದರೂ ಗಾಳಿ ತುಂಬಿದ ಗುಳ್ಳೆ, ಬ್ಲೇಡಿನ ಕೆಳಗೆ ಜಾರುವುದಿಲ್ಲ. ಅರ್ಧ ಕೆನ್ನೆ ಮುಗಿಯುವುದರೊಳಗೆ ಇನ್ನರ್ಧದ ನೊರೆ ಒಣಗಿರುತ್ತದೆ. ಒಣ ಚರ್ಮದ ಮೇಲೆ ಬ್ಲೇಡು ಎಳೆದಂತಾಗುತ್ತದೆ. ಕೊನೆಗೆ ತೊಳೆದರೂ ಗಸಿ ಪೂರ್ತಿ ಹೋಗುವುದಿಲ್ಲ, ಮುಖ ಬಿಗಿಬಿಗಿ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿದ್ದಾರೆ. ಗಡಸು ನೀರಿನಲ್ಲಿ ತೊಳೆದಾಗ ಮಾರ್ಜಕದ ಅಂಶ ಚರ್ಮದ ಮೇಲೆ ಜಾಸ್ತಿ ಉಳಿಯುತ್ತದೆ, ಚರ್ಮ ಜಾಸ್ತಿ ಕೆರಳುತ್ತದೆ ಎಂದು ಕಂಡುಕೊಂಡರು.

ನಿಮ್ಮ ನೀರು ಗಡಸೋ ಮೆದುವೋ ಎಂದು ಅಡುಗೆಮನೆಯವರಿಗೆ ಮೊದಲೇ ಗೊತ್ತಿರುತ್ತದೆ. ತೊಗರಿಬೇಳೆ ಎಷ್ಟು ಕೂಗಿಸಿದರೂ ಕರಗುವುದಿಲ್ಲವೇ? ಟೀ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಗೀಸರ್ ಕಾಯಿಲು ಪದೇ ಪದೇ ಕೆಡುತ್ತದೆಯೇ? ಇನ್ನೂ ಖಾತ್ರಿ ಬೇಕಿದ್ದರೆ ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆ ನೀರು. ಎರಡಕ್ಕೂ ಒಂದೇ ಸೋಪನ್ನು ತುರಿದು ಚಿಟಿಕೆಯಷ್ಟು ಹಾಕಿ, ಕರಗಿದ ಮೇಲೆ ಕುಲುಕಿ. ಒಂದರಲ್ಲಿ ನೊರೆ ನಿಂತು, ಇನ್ನೊಂದರಲ್ಲಿ ಹಾಲು ಒಡೆದ ಹಾಗೆ ಕದಡಿದರೆ ಉತ್ತರ ಸಿಕ್ಕಿತು. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಇಲ್ಲಿ ಬೇಡ. ಅವು ಗಡಸು ನೀರಿನಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತವೆ.

ಟಿಡಿಎಸ್ ಪೆನ್ನನ್ನು ನಂಬಿ ಕೂರಬೇಡಿ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ, ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಇಡುತ್ತದೆ. ನೀರು ಮೆದುವಾಗುತ್ತದೆ, ಟಿಡಿಎಸ್ ಅಂಕಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂಕಿ ಬೇಕೇಬೇಕು ಎನ್ನುವವರು ಹನಿ ಹಾಕಿ ಬಣ್ಣ ನೋಡುವ ಗಡಸುತನದ ಕಿಟ್ ತರಿಸಿಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಮ್ಮ ಬೋರಿನದು 400 ದಾಟಿತ್ತು. ಕುಡಿಯಲು ನಡೆದೀತು, ನೊರೆಗೆ ನಡೆಯಲಿಲ್ಲ.

ಪರಿಹಾರ ತೀರಾ ಅಗ್ಗ. ಶೇವಿಂಗಿಗೆ ಬೇಕಾದದ್ದು ಒಂದು ಮಗ್ ಮೆದು ನೀರು. ಆರ್‌ಒ ನೀರನ್ನು ಬೆಚ್ಚಗೆ ಮಾಡಿ ಅದರಲ್ಲೇ ಬ್ರಷ್ ನೆನೆಸಿ, ಅದರಲ್ಲೇ ನೊರೆ ಕಟ್ಟಿ, ಕೊನೆಯಲ್ಲಿ ಮುಖವನ್ನೂ ಅದರಲ್ಲೇ ತೊಳೆಯಿರಿ. ರೇಜರ್ ತೊಳೆಯಲು ನಲ್ಲಿ ನೀರು ಸಾಕು. ಆರ್‌ಒ ಇಲ್ಲದವರು ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಗಡಸುತನದ ಒಂದು ಭಾಗ ಹಾಗೆ ತಳಕ್ಕೆ ಇಳಿಯುತ್ತದೆ, ಎಲ್ಲವೂ ಅಲ್ಲ. ಒಂದು ಎಚ್ಚರಿಕೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುತ್ತೇವಲ್ಲ, ಅದು ನಲ್ಲಿ ನೀರಿಗಿಂತಲೂ ಗಡಸು. ನಾನು ಮೊದಲ ದಿನ ಉಳಿತಾಯ ಮಾಡಲು ಹೋಗಿ ಅದನ್ನೇ ಬಳಸಿದೆ. ಅವತ್ತಿನ ಉರಿಯನ್ನು ಇನ್ನೂ ಮರೆತಿಲ್ಲ.

ಎರಡನೆಯ ದಿನ ಒಳ್ಳೆಯ ನೀರಿನಲ್ಲಿ ನೊರೆ ಕಟ್ಟಿದೆ. ಹದಿನೈದು ಸೆಕೆಂಡಿಗೆ ಬ್ರಷ್ ತುಂಬ ದಪ್ಪ ನೊರೆ. ಊರಿನ ಬಚ್ಚಲಿನಲ್ಲಿ ಬರುತ್ತಿದ್ದಂಥದ್ದೇ. ಮಲೆನಾಡಿನ ಬಾವಿಗಳಲ್ಲಿ ಹೆಚ್ಚಾಗಿ ಮೆದು ನೀರು. ಅಮ್ಮನ ‘ಊರಿನ ಗಾಳಿ’ ಅಂದರೆ ಅದೇ.

ಬ್ಲೇಡು ಮತ್ತು ಕೈ

ಇಲ್ಲಿ ಹೊಸ ವಿಷಯ ಕಡಿಮೆ. ಬೇಗ ಮುಗಿಸುತ್ತೇನೆ.

ಗಡ್ಡದ ಕೂದಲು ಒಣಗಿದ್ದಾಗ ಗಟ್ಟಿ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಕತ್ತರಿಸಲು ಬೇಕಾದ ಬಲ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಸ್ನಾನವಾದ ಮೇಲೆ ಶೇವ್. ನಮ್ಮಲ್ಲಿ ಹೆಚ್ಚಿನವರದು ಉಲ್ಟಾ, ಶೇವ್ ಮಾಡಿಕೊಂಡು ಸ್ನಾನಕ್ಕೆ ಹೋಗುತ್ತೇವೆ. ಅಲ್ವಾ? ಕಟಿಂಗ್ ಶಾಪಿನಲ್ಲಿ ಉರಿ ಕಡಿಮೆ ಎನ್ನುವವರು ಅಲ್ಲಿ ನಡೆಯುವುದನ್ನು ಗಮನಿಸಿ. ನೀರು ಚಿಮುಕಿಸಿ, ಬ್ರಷ್‌ನಲ್ಲಿ ಎರಡು ಮೂರು ನಿಮಿಷ ತಿಕ್ಕಿ ತಿಕ್ಕಿ ನೊರೆ ಕಟ್ಟಿ, ನಮ್ಮೆದುರೇ ಹೊಸ ಬ್ಲೇಡು ಮುರಿದು ಹಾಕುತ್ತಾರೆ. ಕ್ರೀಮು ಮಾತ್ರ ನಮ್ಮ ಮನೆಯದೇ ಕಂಪನಿಯದು!

ನೊರೆ ಕಡೆದ ಮೊಸರಿನ ಹದಕ್ಕಿರಬೇಕು. ಬೆರಳಿನಿಂದ ಮುಟ್ಟಿ, ಹೆಬ್ಬೆರಳ ಜೊತೆ ಉಜ್ಜಿ ನೋಡಿ, ಜಾರಬೇಕು. ಪಾಪ್‌ಕಾರ್ನ್ ಹಾಗೆ ಉಬ್ಬಿದ ನೊರೆ ನೋಡಲು ಚೆಂದ, ಕೆಲಸಕ್ಕೆ ಬಾರದು. ಬ್ಲೇಡನ್ನು ನಾಲ್ಕೈದು ಶೇವ್ ಆದ ಮೇಲೆ ಬಿಸಾಕಿ. ಕತ್ತಿನ ಕೂದಲು ಎಲ್ಲರಿಗೂ ಕೆಳಮುಖವಾಗಿ ಬೆಳೆಯುವುದಿಲ್ಲ, ಕೆಲವರಿಗೆ ಅಡ್ಡಡ್ಡ. ಒಂದು ದಿನದ ಗಡ್ಡದ ಮೇಲೆ ಕೈಯಾಡಿಸಿ ಯಾವ ಕಡೆಗೆ ನಯ ಎಂದು ನೋಡಿಕೊಂಡು ಆ ಕಡೆಗೇ ಎಳೆಯಿರಿ. ಸುರುಳಿ ಕೂದಲಿನವರಿಗೆ ಐದಾರು ಬ್ಲೇಡಿನ ಕಾರ್ಟ್ರಿಜ್ ಒಗ್ಗುವುದಿಲ್ಲ. ಮೊದಲ ಬ್ಲೇಡು ಕೂದಲನ್ನು ಮೇಲೆತ್ತುತ್ತದೆ, ಹಿಂದಿನವು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತವೆ, ಮತ್ತೆ ಬೆಳೆಯುವಾಗ ಕೂದಲು ಒಳಕ್ಕೆ ಹೊಕ್ಕುತ್ತದೆ.

ಬ್ಲೇಡಿನ ತಪ್ಪು ಹಿಡಿಯಲು ಹಳೆಯ ಸಾಧನವೊಂದಿದೆ, ಪಟಿಕದ ಗಟ್ಟಿ. ಶೇವ್ ಮುಗಿಸಿ ತಣ್ಣೀರಿನಲ್ಲಿ ತೊಳೆದು, ಒದ್ದೆ ಪಟಿಕವನ್ನು ಮುಖದ ಮೇಲೆ ನಿಧಾನವಾಗಿ ಜಾರಿಸಿ. ಚರ್ಮ ಹೆರೆದ ಕಡೆ ಚುರ್ರ್ ಅನ್ನುತ್ತದೆ, ಹೆರೆಯದ ಕಡೆ ಸುಮ್ಮನಿರುತ್ತದೆ. ಎಲ್ಲಿ ಒತ್ತಿ ಎಳೆದಿದ್ದೀರಿ ಎಂಬ ನಕ್ಷೆ ಒಂದೇ ನಿಮಿಷದಲ್ಲಿ ಸಿಗುತ್ತದೆ. ಪಟಿಕ ಚುರುಗುಟ್ಟಲಿಲ್ಲ, ಆದರೂ ಎರಡು ದಿನ ಬಿಟ್ಟು ಕಡಿತ ಬಂತು ಎಂದರೆ ನೋಟ ಮತ್ತೆ ಸೋಪಿನ ಕಡೆ ತಿರುಗಲಿ. ಪಟಿಕವನ್ನು ಅರ್ಧ ನಿಮಿಷದಲ್ಲಿ ತೊಳೆದುಬಿಡಿ. ಬಿಟ್ಟರೆ ಅದೇ ಚರ್ಮ ಒಣಗಿಸುತ್ತದೆ.

ಶೇವ್ ಆದ ಮೇಲೆ ಹಚ್ಚುವುದು

ಸ್ಪಿರಿಟ್ ತುಂಬಿದ ಆಫ್ಟರ್‌ಶೇವ್, ನೀರಿಗೆ ಬೆರೆಸಿದ ಆಂಟಿಸೆಪ್ಟಿಕ್, ನಿಂಬೆಹೋಳು. ಪರೀಕ್ಷೆಯ ದಿನಗಳಲ್ಲಿ ಮೂರೂ ಬೇಡ. ನಿಂಬೆಯಂತೂ ಯಾವತ್ತೂ ಬೇಡ. ಅದರ ರಸ ಮುಖದ ಮೇಲಿರುವಾಗ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕೆಂಪಾಗಿ, ಆಮೇಲೆ ವಾರಗಟ್ಟಲೆ ಕಂದು ಕಲೆ ಉಳಿಯುತ್ತದೆ. ಮೆಂಥಾಲ್ ಇರುವುದು ಇನ್ನೊಂದು ಬಗೆಯ ಮೋಸ. ಅದು ಚರ್ಮವನ್ನು ನಿಜವಾಗಿ ತಂಪು ಮಾಡುವುದಿಲ್ಲ, ತಂಪನ್ನು ತಿಳಿಸುವ ನರಗಳನ್ನು ಮುಟ್ಟಿ ತಂಪಾದ ಹಾಗೆ ಅನಿಸುತ್ತದೆ ಅಷ್ಟೇ. ಉರಿ ಅಡಿಯಲ್ಲಿ ಹಾಗೇ ಇರುತ್ತದೆ. ಸೋಪಿನಲ್ಲಿ ಮೆಂಥಾಲ್ ಇದ್ದರೂ ಇದೇ ಮಾತು. ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಸಾಕು.

ಈಗ ಸೋಪಿನ ಸರದಿ

ನೀರು ಸರಿಯಾದ ಮೇಲೆ ನನ್ನ ಐದು ಸೋಪುಗಳಲ್ಲಿ ನಾಲ್ಕು ಸಾಧುಗಳಾದವು. ಐದನೆಯದು, ಆ ಪರದೇಶದ ದುಬಾರಿ ಡಬ್ಬಿ, ಹಚ್ಚಿದ ಎರಡನೆಯ ದಿನಕ್ಕೆ ಕಿವಿಯ ಕೆಳಗೆ ತುರಿಸುತ್ತಲೇ ಇತ್ತು. ಅಂದರೆ ನನಗಿದ್ದದ್ದು ಒಂದಲ್ಲ, ಎರಡು ದೋಷ. ಒಂದರ ನೆರಳಲ್ಲಿ ಇನ್ನೊಂದು ಅಡಗಿತ್ತು. ಬ್ಲೇಡಿಲ್ಲದ ವಾರದ ಪರೀಕ್ಷೆಯಲ್ಲಿ ಅದು ನಾಲ್ಕನೆಯ ದಿನ ಸಿಕ್ಕಿಬಿತ್ತು. ಅವತ್ತಿನಿಂದ ನಾನು ಸೋಪಿನ ಮುಂಭಾಗ ಓದುವುದು ಬಿಟ್ಟು ಹಿಂಭಾಗ ಓದಲು ಕಲಿತೆ.

ಮುಂಭಾಗದ ‘ಸೂಕ್ಷ್ಮ ಚರ್ಮಕ್ಕೆ’, ‘ನ್ಯಾಚುರಲ್’, ‘ಹರ್ಬಲ್’ ಎಂಬ ಮಾತುಗಳಿಗೆ ತೂಕವಿಲ್ಲ. ‘ಪಿಎಚ್ 5.5’ ಎಂದು ಬರೆದ ನಿಜವಾದ ಸೋಪು ಇರಲು ಸಾಧ್ಯವೇ ಇಲ್ಲ. ಪಿಎಚ್ ಎಂದರೆ ಆಮ್ಲ, ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ನಮ್ಮ ಚರ್ಮದ ಮೇಲ್ಮೈ ಪಿಎಚ್ 5ರ ಆಸುಪಾಸು, ಸೋಪಿನದು 9ರಿಂದ 10. ಅದನ್ನು 5.5ಕ್ಕೆ ಇಳಿಸಿದರೆ ಸೋಪು ಮತ್ತೆ ಕೊಬ್ಬಿನ ಆಮ್ಲವಾಗಿ ಒಡೆದುಹೋಗುತ್ತದೆ. ಆ ಅಂಕಿ ಇದ್ದರೆ ಒಳಗಿರುವುದು ಸೋಪಲ್ಲ, ಬೇರೆ ಮಾರ್ಜಕ. ಅದು ಕೆಟ್ಟದ್ದೆಂದಲ್ಲ, ಹೆಸರು ಬೇರೆ ಅಷ್ಟೇ.

ಹಿಂಭಾಗದ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತದೆ. ಒಳ್ಳೆಯ ಶೇವಿಂಗ್ ಸೋಪಿನಲ್ಲಿ ಮೊದಲ ಸಾಲಿನಲ್ಲೇ ಸ್ಟಿಯರಿಕ್ ಆಸಿಡ್ ಇರುತ್ತದೆ. ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್. ಸ್ಟಿಯರಿಕ್ ದಪ್ಪ, ಬೇಗ ಒಣಗದ ನೊರೆ ಕೊಡುತ್ತದೆ. ಪೊಟ್ಯಾಸಿಯಂ ಸೋಪನ್ನು ಮೆತ್ತಗೆ, ನೀರಿನಲ್ಲಿ ಬೇಗ ಕರಗುವಂತೆ ಮಾಡುತ್ತದೆ. ಮೈಗೆ ಹಚ್ಚುವ ಸೋಪು ಇದಕ್ಕೆ ತದ್ವಿರುದ್ಧ. ಅದು ಸೋಡಿಯಂ ಸೋಪು, ಗಟ್ಟಿ ಬಿಲ್ಲೆ, ತಾಳೆ ಮತ್ತು ತೆಂಗಿನ ಜಾತಿಯ ಎಣ್ಣೆಯದು. ಗುಳ್ಳೆ ದೊಡ್ಡದು, ಬೇಗ ಒಡೆಯುತ್ತದೆ. ನಮ್ಮಪ್ಪ ಮೈಸೋಪನ್ನೇ ಬ್ರಷ್‌ಗೆ ತಿಕ್ಕಿ ಮೂವತ್ತು ವರ್ಷ ಗಡ್ಡ ಹೆರೆದರು, ಏನೂ ಆಗಲಿಲ್ಲ. ಅವರ ಚರ್ಮ ಬೇರೆ, ಅವರ ನೀರೂ ಬೇರೆ.

ತೆಂಗಿನೆಣ್ಣೆಯ ವಿಷಯ ಹೇಳಿದರೆ ಬೇಜಾರಾದೀತು. ಎಣ್ಣೆಯಾಗಿ ಅದು ಎಷ್ಟೇ ಹಿತವಾದರೂ ಸೋಪಾದಾಗ ಅದರ ಲಾರಿಕ್ ಆಮ್ಲ ಚರ್ಮವನ್ನು ಕೆರಳಿಸುವ ಗುಂಪಿಗೆ ಸೇರುತ್ತದೆ. ಸ್ವಲ್ಪ ಇದ್ದರೆ ನೊರೆಗೆ ಒಳ್ಳೆಯದು. ಪಟ್ಟಿಯ ತಲೆಯಲ್ಲೇ ಇದ್ದರೆ ಒಣ ಚರ್ಮದವರು ಯೋಚಿಸಿ. ಅಗ್ಗದ ಕ್ರೀಮುಗಳಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಕಾಣುತ್ತದೆ. ಚರ್ಮದ ಸಂಶೋಧಕರು ಬೇಕೆಂದೇ ಚರ್ಮ ಕೆರಳಿಸಿ ಅಧ್ಯಯನ ಮಾಡಬೇಕಾದಾಗ ಬಳಸುವ ವಸ್ತು ಇದೇ!

ಆದರೆ ಅಲರ್ಜಿಗೆ ದೊಡ್ಡ ಕಾರಣ ಪರಿಮಳ. ನಮ್ಮ ಲೇಬಲ್ಲುಗಳಲ್ಲಿ ಸಾಮಾನ್ಯವಾಗಿ ‘ಪರ್ಫ್ಯೂಮ್’ ಎಂದು ಒಂದೇ ಪದ ಇರುತ್ತದೆ, ಅದರೊಳಗೆ ಹತ್ತಾರು ವಸ್ತು ಇರಬಹುದು. ಯುರೋಪಿನಲ್ಲಿ 2005ರಿಂದ 26 ಪರಿಮಳ ವಸ್ತುಗಳನ್ನು ಹೆಸರು ಹೇಳಿ ಬರೆಯಬೇಕು. ತೊಳೆದುಬಿಡುವ ಪದಾರ್ಥದಲ್ಲಿ 0.01 ಶೇಕಡ ದಾಟಿದರೂ ಸಾಕು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲೆ ಬೆಳೆಸಿದರು. ಹಾಗಾಗಿ ನನ್ನ ದುಬಾರಿ ಡಬ್ಬಿಯ ಮೇಲೆ ಜಾತಕವೇ ಇತ್ತು. ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ದಾಲ್ಚಿನ್ನಿಯ ಸಿನ್ನಮಾಲ್, ಲವಂಗದ ಯುಜಿನಾಲ್. ಲಿನಲೂಲ್, ಲಿಮೊನೀನ್ ಹೊಸದಾಗಿದ್ದಾಗ ಅಷ್ಟು ತಂಟೆ ಮಾಡುವುದಿಲ್ಲ. ಗಾಳಿ ತಾಗಿ ಹಳಸಿದ ಮೇಲೆ ಕೆಡುಕು ಹೆಚ್ಚು. ನನ್ನ ಡಬ್ಬಿ ಮುಚ್ಚಳ ಸಡಿಲವಾಗಿ ವರ್ಷವಿಡೀ ಬಚ್ಚಲಿನಲ್ಲಿತ್ತು.

ಸಸ್ಯದಿಂದ ಬಂದದ್ದು ಅಂತ ರಿಯಾಯಿತಿ ಇಲ್ಲ. ಟೀ ಟ್ರೀ ಎಣ್ಣೆಗೂ ಅಲರ್ಜಿ ಆಗುತ್ತದೆ, ಶ್ರೀಗಂಧದ ಎಣ್ಣೆಗೂ ಆಗುತ್ತದೆ. ಗಂಧ ಅಂದರೆ ತಂಪು ಎಂದು ನಂಬಿ ಬೆಳೆದ ನಮಗೆ ಇದು ಒಪ್ಪುವುದು ಕಷ್ಟ. ಅಲ್ಲದೆ ಗಂಧದ ವಾಸನೆಯ ಸೋಪುಗಳಲ್ಲಿ ಬಹಳಷ್ಟು ಕೃತಕ ಪರಿಮಳದವು, ನಿಜವಾದ ಗಂಧದೆಣ್ಣೆಯ ಬೆಲೆ ಹಾಗಿದೆ.

‘ಅನ್‌ಸೆಂಟೆಡ್’ ಮತ್ತು ‘ಫ್ರಾಗ್ರನ್ಸ್ ಫ್ರೀ’ ಒಂದೇ ಅಲ್ಲ ಎಂಬುದೂ ನೆನಪಿರಲಿ. ಮೊದಲನೆಯದರಲ್ಲಿ ಕೊಬ್ಬಿನ ವಾಸನೆ ಮುಚ್ಚಲು ಹಾಕಿದ ಪರಿಮಳ ಇರಬಹುದು. ಪಟ್ಟಿಯಲ್ಲಿ ಪರ್ಫ್ಯೂಮ್ ಎಂಬ ಪದವೇ ಇಲ್ಲದಿರುವುದನ್ನು ಹುಡುಕಿ. ಕ್ರೀಮುಗಳಲ್ಲಿ ನೀರಿನಂಶ ಜಾಸ್ತಿ, ಕೆಡದಂತೆ ಸಂರಕ್ಷಕ ಬೇಕು. ಅದರಲ್ಲಿ ಮೀಥೈಲ್‌ಐಸೊಥಿಯಾಜೊಲಿನೋನ್ ಎಂಬುದನ್ನು ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರ ‘ವರ್ಷದ ಅಲರ್ಜನ್’ ಎಂದು ಹೆಸರಿಸಿತ್ತು. ಗಟ್ಟಿ ಬಿಲ್ಲೆಯ ಸೋಪಿಗೆ ಇಂಥದ್ದರ ಅಗತ್ಯ ಕಡಿಮೆ, ನಾನು ಬಿಲ್ಲೆಯ ಕಡೆಗೇ ವಾಲುವುದು ಅದಕ್ಕೇ. ಕುರಿ ಉಣ್ಣೆಯ ಲ್ಯಾನೊಲಿನ್ ಒಳ್ಳೆಯ ಜಾರಿಕೆ ಕೊಡುತ್ತದೆ, ಆದರೆ ಕೆಲವರಿಗೆ ಒಗ್ಗುವುದಿಲ್ಲ.

ಕೋಲಾರ, ತುಮಕೂರು ಕಡೆಯ ಬೋರ್ ನೀರಿನವರಿಗೆ ಇನ್ನೊಂದು ಗುರುತು. ಪಟ್ಟಿಯ ಕೊನೆಯಲ್ಲಿ ಟೆಟ್ರಾಸೋಡಿಯಂ ಇಡಿಟಿಎ ಇದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ನೊರೆಗೆ ನೆರವಾಗುತ್ತದೆ. ನೀರು ಸರಿ, ಬ್ಲೇಡು ಸರಿ, ಪರಿಮಳವೂ ಇಲ್ಲ, ಆದರೂ ಯಾವ ಸೋಪು ಹಚ್ಚಿದರೂ ಬಿಗಿತ, ಒಣಗು. ಇಂಥವರಿಗೆ ಸೋಪಿನ ಕ್ಷಾರವೇ ಆಗದು. ಅವರು ಸೋಪೇ ಇಲ್ಲದ, ಬ್ರಷ್ ಬೇಡದ, ನೊರೆ ಬರದ ಶೇವಿಂಗ್ ಕ್ರೀಮ್ ನೋಡಬಹುದು. ನೊರೆಯಿಲ್ಲದೆ ಶೇವ್ ಮಾಡಿದ ಹಾಗೇ ಅನಿಸುವುದಿಲ್ಲ, ಅದು ಬೇರೆ ಮಾತು.

ನನ್ನ ಬಳಿ ಈಗಿರುವುದು ಒಂದೇ ಬಿಲ್ಲೆ. ಸ್ಟಿಯರಿಕ್ ಮೊದಲು, ಪರಿಮಳವಿಲ್ಲ, ನೋಡಲು ಮೇಣದ ಮುದ್ದೆ. ಹೊಸದು ತಂದಾಗ ಈಗಲೂ ಬ್ಲೇಡಿಲ್ಲದ ವಾರ ತಪ್ಪಿಸುವುದಿಲ್ಲ.

ಡಾಕ್ಟರ ಹತ್ತಿರ ಯಾವಾಗ

ಕೀವು, ಒಸರು, ಊತ, ಉಂಗುರದಂತೆ ಹರಡುವ ಕಲೆ, ಕಣ್ಣಿನ ಸುತ್ತ ಬಾವು, ಅಥವಾ ಮೂರು ವಾರ ಶೇವ್ ಬಿಟ್ಟರೂ ಇಳಿಯದ ಕೆಂಪು. ಇವುಗಳಲ್ಲಿ ಯಾವುದಿದ್ದರೂ ಮನೆಯ ಪರೀಕ್ಷೆ ನಿಲ್ಲಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮುಖಕ್ಕೆ ಹಚ್ಚಬೇಡಿ. ಎರಡು ದಿನದಲ್ಲಿ ಮಾಯವಾದ ಹಾಗೆ ಕಾಣುತ್ತದೆ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಬರುತ್ತದೆ. ಹುಳುಕಡ್ಡಿ ಇದ್ದರಂತೂ ಅದರಡಿಯಲ್ಲಿ ಹಾಯಾಗಿ ಬೆಳೆಯುತ್ತದೆ.

ಅಲರ್ಜಿ ಯಾವುದಕ್ಕೆ ಎಂದು ಹೆಸರು ಹಿಡಿದು ಹೇಳುವುದು ಪ್ಯಾಚ್ ಟೆಸ್ಟ್. ಬೆನ್ನಿಗೆ ಪುಟ್ಟ ಪುಟ್ಟ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ನಾಲ್ಕನೆಯ ದಿನದ ಸುಮಾರಿಗೆ ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ಬೇಸಿಗೆಯಲ್ಲಿ ಕಷ್ಟ. ಭಾರತಕ್ಕೆಂದೇ ಮಾಡಿದ ವಸ್ತುಗಳ ಸರಣಿ ಇದೆ. ಪರಿಮಳದ ಮಿಶ್ರಣ, ಪಿಪಿಡಿ, ಲ್ಯಾನೊಲಿನ್ ಎಲ್ಲ ಅದರಲ್ಲಿ ಬರುತ್ತವೆ. ಹೋಗುವಾಗ ಬೆನ್ನಿಗೆ ಯಾವ ಮುಲಾಮೂ ಹಚ್ಚಿರಬೇಡಿ. ಮುಖಕ್ಕೆ ತಾಗುವ ಎಲ್ಲ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸೋಪು, ಲೋಷನ್, ಮೀಸೆಯ ಡೈ, ಹೆಂಡತಿಯದೋ ಮಗಳದೋ ಕದ್ದು ಹಚ್ಚುವ ಫೇಸ್ ಕ್ರೀಮ್ ಕೂಡ. ಡಬ್ಬಿ ಎಸೆದಾಗಿದ್ದರೆ ಹಿಂಭಾಗದ ಪಟ್ಟಿಯ ಫೋಟೋ ಸಾಕು.